ಅರ್ಧ ತಲೆ ಘಾನಾ, ಅರ್ಧ ತಲೆ ಟೋಗೋ

ಗಡಿಯೂರು ಅಫ್ಲಾವೊದ ಡೋಟ್ಸೆಗೆ ಎರಡು ಸಂಗತಿಗಳಲ್ಲಿ ಅಚಲವಾದ ನಂಬಿಕೆಯಿತ್ತು. ಘಾನಾ ದೇಶ ಟೋಗೋ ದೇಶಕ್ಕಿಂತ ಎಲ್ಲ ವಿಧದಲ್ಲೂ ಮೇಲು ಎಂಬುದು ಮೊದಲನೆಯದು. ಇದನ್ನು ದಿನಕ್ಕೆ ನಾಲ್ಕು ಸಲವಾದರೂ ಗಟ್ಟಿಯಾಗಿ ಹೇಳದಿದ್ದರೆ ಟೋಗೋದವರು ಮರೆತುಬಿಡುತ್ತಾರೆ ಎಂಬುದು ಎರಡನೆಯದು. ಹೇಳುವುದಕ್ಕೆ ಅವನೇನೂ ದೂರ ಹೋಗಬೇಕಾಗಿರಲಿಲ್ಲ. ಅವನ ಕ್ಷೌರದಂಗಡಿಯ ಹಿತ್ತಿಲಿಗೂ ಟೋಗೋಗೂ ನಡುವೆ ಇದ್ದದ್ದು ಒಂದು ತಂತಿಬೇಲಿ, ಒಂದೆರಡು ಪಪ್ಪಾಯಿ ಗಿಡ, ಮತ್ತು ಯಾವ ದೇಶದ ಪ್ರಜೆಯೂ ಅಲ್ಲದ ಒಂದು ಮೇಕೆ.

ಬೇಲಿಯ ಆಚೆ ಲೋಮೆ ಪಟ್ಟಣ. ಅಲ್ಲಿ ಸರಿಯಾಗಿ ಇವನ ಹಿತ್ತಿಲಿಗೆ ಮುಖಮಾಡಿ ನಿಂತದ್ದು ಪ್ಯಾರಿಸ್ ಸಲೂನ್. ಅದರ ಒಡೆಯ ಮೆಸಾನ್, ಡೋಟ್ಸೆಯ ಚಿಕ್ಕಪ್ಪನ ಮಗ. ಪ್ಯಾರಿಸ್ಸನ್ನು ಅವನು ಕ್ಯಾಲೆಂಡರಿನಲ್ಲಿ ಕಂಡಿದ್ದ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು, ಆಡುವುದು ಒಂದೇ ಎವೆ ಭಾಷೆ, ಮಾಡುವುದು ಒಂದೇ ಕಸುಬು. ಅಜ್ಜನ ಕಾಲಕ್ಕೆ ಅಂಗಳವೂ ಒಂದೇ ಇತ್ತಂತೆ. ಬಿಳಿಯರು ಬಂದು ಗೆರೆ ಎಳೆದಾಗ ಒಬ್ಬ ಮಗನ ಗುಡಿಸಲು ಇಂಗ್ಲಿಷಿಗೂ ಇನ್ನೊಬ್ಬ ಮಗನ ಗುಡಿಸಲು ಫ್ರೆಂಚಿಗೂ ಪಾಲಾಯಿತು. ದಾಯಾದಿಗಳು ಗೇಣಗಲ ಜಾಗಕ್ಕೆ ಹೊಡೆದಾಡುವುದು ಲೋಕರೂಢಿ. ಇವರಿಗೆ ಇಡೀ ದೇಶಗಳೇ ಪಾಲಿಗೆ ಬಂದಿದ್ದರಿಂದ ಜಗಳಕ್ಕೆ ಬಾವುಟ, ರಾಷ್ಟ್ರಗೀತೆ ಎಲ್ಲ ಪುಕ್ಕಟೆ ಸಿಕ್ಕಿದ್ದವು.

ಕರೆಂಟು ಹೋದ ಕೂಡಲೇ ಮೆಸಾನ್ ಬೇಲಿಗೆ ಬಂದು ನಿಲ್ಲುತ್ತಿದ್ದ.

"ಏನಣ್ಣಾ, ನಿಮ್ಮ ದೇಶ ಮತ್ತೆ ಕಣ್ಣು ಮುಚ್ಕೊಳ್ತಾ?"

"ನಿನ್ನ ತಲೆ ಮೇಲೆ ಉರೀತಿದೆಯಲ್ಲ ಬಲ್ಬು, ಅದು ಯಾರದ್ದೋ? ನಮ್ಮ ವೋಲ್ಟಾ ನದಿದು. ನಾವು ಕೊಟ್ಟಿದ್ದು!"

"ಕೊಟ್ಟಿದ್ದಲ್ಲ, ಮಾರಿದ್ದು. ಹೋಟ್ಲು ಇಟ್ಟೋನು ತಾನೇ ಉಪವಾಸ ಬಿದ್ದು, ಊಟ ಮಾಡ್ದೋನ ಮೇಲೆ ಹೊಟ್ಟೆ ಉರ್ಕೊಂಡ್ರೆ ಏನಣ್ಣ ಮಾಡೋಣ?"

ಡೋಟ್ಸೆ ಕೂಡಲೇ ವಿಷಯವನ್ನು ವಿದ್ಯುತ್ತಿನಿಂದ ವಸತಿಗೆ ತಿರುಗಿಸುತ್ತಿದ್ದ. "ನೋಡಿಲ್ಲಿ ನನ್ನ ಮನೆ. ಮಹಡಿ ಮೇಲೆ ಮಹಡಿ ಕಟ್ಟೋ ಅಂತಸ್ತು ನಮ್ದು."

"ಯಾವ ಮಹಡಿ? ಕಂಬಿ ಎದ್ದು ನಿಂತು ಹತ್ತು ವರ್ಷ ಆಯ್ತು. ಅತ್ತಿಗೆ ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಾರೆ. ಒದ್ದೆ ಚಡ್ಡಿಗೆ ಅಂತಸ್ತು ಅಂತೀರಾ ನಿಮ್ಮ ದೇಶದಲ್ಲಿ?"

"ಬಚ್ಚಲಿಗೆ ಟೈಲ್ಸ್ ಹಾಕಿಸ್ಕೊಂಡು ನೀರಿಗೆ ನಮ್ಮ ನಲ್ಲಿಗೆ ಬರ್ತೀರಲ್ಲ, ನೀವೇನೋ ಮಾತಾಡೋದು!"

ಹೀಗೆ ಎರಡು ರಾಷ್ಟ್ರಗಳ ಜೀವನಮಟ್ಟ ಬೇಲಿಯ ಮಟ್ಟಕ್ಕಿಳಿದು ನಿಲ್ಲುತ್ತಿತ್ತು. ಗಿರಾಕಿಗಳಿಗೆ ಇದೊಂದು ಪುಕ್ಕಟೆ ನಾಟಕ. ಕರೆಂಟು ಬಂದರೆ ಕ್ಷೌರ, ಹೋದರೆ ಪ್ರಹಸನ. ಡೋಟ್ಸೆಯ ಅಂಗಡಿಗೆ ಹೋದವನಿಗೆ ನಷ್ಟವಂತೂ ಇರಲಿಲ್ಲ.

ಆದರೆ ಡೋಟ್ಸೆಯ ದೇಶಪ್ರೇಮದ ಬೇರು ಇದ್ದದ್ದು ಅವನ ಎದೆಯಲ್ಲಲ್ಲ, ಬಲಗೈಯಲ್ಲಿ. ಆ ಕೈ ನಡುಗುತ್ತಿತ್ತು. ಮೊದಮೊದಲು ಚಹಾದ ಲೋಟ ಹಿಡಿದಾಗ ತುಸು ಅಲುಗಾಡುತ್ತಿದ್ದದ್ದು ಬರಬರುತ್ತಾ ಕತ್ತರಿ ಹಿಡಿದರೆ ಅದರ ಎರಡು ಅಲಗೂ ಚಳಿಗೆ ಸಿಕ್ಕ ಹಲ್ಲುಗಳಂತೆ ಕಟಕಟ ಎನ್ನುವಲ್ಲಿಗೆ ಬಂದಿತ್ತು. ಕರೆಂಟಿನ ಮೆಷಿನ್ನಿದ್ದರೆ ತೊಂದರೆಯಿರಲಿಲ್ಲ. ಮೆಷಿನ್ನು ಹುಟ್ಟಾ ನಡುಗುವ ಪ್ರಾಣಿ. ಅದನ್ನು ಹಿಡಿದ ಕೈ ತಾನೂ ನಡುಗಿದರೆ ಯಾರು ಕೇಳುತ್ತಾರೆ? ಅದರ ಗುಂಯ್‌ಗುಟ್ಟುವಿಕೆಯ ಮರೆಯಲ್ಲಿ ಡೋಟ್ಸೆ ಊರಿನ ತಲೆಗಳನ್ನೆಲ್ಲ ಒಪ್ಪವಾಗಿ ನಿಭಾಯಿಸಿದ್ದ. ನಡುಗುವ ಕೈಗೆ ಯಾವನೂ ತನ್ನ ಕಿವಿಯ ಪಕ್ಕದ ಜಾಗ ಬಿಟ್ಟುಕೊಡುವುದಿಲ್ಲ. ಗುಟ್ಟು ಬಯಲಾದ ದಿನ ಅಂಗಡಿ ಮುಚ್ಚಬೇಕು, ಅಷ್ಟೇ. ಇದು ಗೊತ್ತಿದ್ದದ್ದು ಅಂಗಡಿಯ ಪಕ್ಕದಲ್ಲೇ ಕೆಂಕೆ ಎಂಬ ಜೋಳದ ಕಡುಬು, ಕರಿದ ಮೀನು ಮಾರುತ್ತಿದ್ದ ಅವನ ಹೆಂಡತಿ ಕಫುಯಿ ಒಬ್ಬಳಿಗೆ. "ಕತ್ತರಿ ಬಡ ದೇಶಗಳ ಸಾಮಾನು ಕಣ್ರೀ," ಎಂದು ಡೋಟ್ಸೆ ಗಿರಾಕಿಗಳಿಗೆ ಸಾರುತ್ತಿದ್ದ. ತನ್ನ ಕತ್ತರಿಯನ್ನು ಅವನು ತುಕ್ಕಿಗೆ ದಾನ ಮಾಡಿ ಬಹಳ ಕಾಲವಾಗಿತ್ತು.

ಅದು ಡುಮ್‌ಸೋರ್ ಎಂಬ ಕರೆಂಟು ಕಡಿತದ ಕಾಲ. ಆರಿತು, ಹತ್ತಿತು; ಹತ್ತಿತು, ಆರಿತು. ಆ ಹೆಸರಿನಲ್ಲೇ ಅಷ್ಟೂ ಕಥೆಯಿದೆ. ಅಡುಗೆಮನೆಯಲ್ಲಿ ಆರಿದರೆ ಬತ್ತಿ ಹಚ್ಚಬಹುದು. ಕ್ಷೌರದಂಗಡಿಯಲ್ಲಿ ಆರಿದರೆ ಕುರ್ಚಿಯಲ್ಲಿ ಅರ್ಧ ತಲೆ ಉಳಿಯುತ್ತದೆ. 'ಕತ್ತಲೆ'ಯೊಳಗೂ ಒಂದು ತಲೆಯಿದೆ ನಿಜ. ಡೋಟ್ಸೆಯ ಅಂಗಡಿಯಲ್ಲಿ ಅದು ಅರ್ಧ ಕತ್ತರಿಸಿದ್ದು. ಚಾರ್ಜಿನ ಮೆಷಿನ್ನೊಂದನ್ನು ತಂದು ನೋಡಿದ. ಅದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು. ಜನರೇಟರು ಕೆಟ್ಟು ಕೋಳಿಗೂಡಾಗಿತ್ತು.

ಅರ್ಧ ತಲೆಯವರು ಬೇಲಿ ಬಳಸಿ ಹೋಗಿ ಉಳಿದರ್ಧವನ್ನು ಮೆಸಾನನ ಬಳಿ ಮುಗಿಸಿಕೊಳ್ಳಲು ಶುರುಮಾಡಿದಾಗ ಡೋಟ್ಸೆ ಒಂದು ಕಾನೂನು ತಂದ: ಘಾನಾದಲ್ಲಿ ಹಿಡಿದ ತಲೆ ಟೋಗೋದಲ್ಲಿ ಮುಗಿಯಕೂಡದು. ಕಾಯಬೇಕು. ಊರ ಶಾಲೆಯ ಸೆನಾನು ಮೇಷ್ಟ್ರು ಕಾದರು. ಕಾದು ಕಾದು ಟೋಪಿ ಹಾಕಿಕೊಂಡು ಶಾಲೆಗೆ ಹೋಗಿ ಪಾಠ ಮಾಡಿದರು. ಆಮೇಲೆ ತಂಗಿಯನ್ನು ನೋಡಲು ಲೋಮೆಗೆ ಹೊರಟರು. ಗಡಿಗೇಟಿನ ಕಾವಲಿನವನು ಟೋಪಿ ತೆಗೆಸಿ, ಗುರುತಿನ ಚೀಟಿಯ ಫೋಟೋ ನೋಡಿ, ಮತ್ತೆ ತಲೆ ನೋಡಿ ಕೇಳಿದ, "ಇದು ನೀವೇನಾ?"

"ಎಡಗಡೆಯಿಂದ ನೋಡಿದ್ರೆ ನಾನೇ."

"ಹಾಗಾದ್ರೆ ಎಡಗಡೆಯವರು ಹೋಗ್ಬಹುದು. ಬಲಗಡೆಯವರು ಬೇರೆ ಚೀಟಿ ತರ್ಲಿ."

ಊರು ನಕ್ಕಿತು. ಡೋಟ್ಸೆಯೂ ನಕ್ಕ. ನಗುವಾಗ ಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ.

ಹೀಗಿರುವಾಗ ಕುಲದ ಹಿಂದಿನ ಒಡೆಯರು ತೀರಿಕೊಂಡು, ಸೂತಕದ ಕಾಲವೂ ಮುಗಿದು, ಹೊಸ ಟೋಗ್ಬೆಯಾಗಿ, ಎಂದರೆ ಕುಲದ ಪೀಠಕ್ಕೆ ಒಡೆಯನಾಗಿ, ಗಾಕ್ಪೊ ದೊಡ್ಡಪ್ಪನನ್ನು ಕುಲದವರು ಆರಿಸಿದರು. ಡೋಟ್ಸೆ, ಮೆಸಾನ್ ಇಬ್ಬರಿಗೂ ಅವರು ದೊಡ್ಡಪ್ಪ. ಪೀಠಕ್ಕೆ ಕೂರುವ ಬೆಳಿಗ್ಗೆ ಕೂದಲು ತೆಗೆಸಬೇಕೆಂಬುದು ಆ ಕುಲದ ಕಟ್ಟಳೆ, ಮತ್ತು ಆ ಕಟ್ಟಳೆಗೆ ಬಾಲಗಳು ಹಲವು. ಬೋಳಿಸುವಂತಿಲ್ಲ, ಬೋಳು ತಲೆ ಸಾವಿನ ಮನೆಯದು. ಸಣ್ಣಗೆ ಕತ್ತರಿಸಬೇಕು. ಶುರುಮಾಡಿದ ಕೈಯೇ ಮುಗಿಸಬೇಕು. ಕೂದಲು ಅಜ್ಜನ ಅಂಗಳದಲ್ಲೇ ಬಿದ್ದು ಅಜ್ಜನ ತೆಂಗಿನ ಬುಡ ಸೇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ತಲೆಯಲ್ಲಿ ಕುರ್ಚಿ ಬಿಟ್ಟೆದ್ದವನ ಆಳ್ವಿಕೆಯೂ ಅರ್ಧಕ್ಕೇ ನಿಲ್ಲುತ್ತದೆ.

ಸಭೆಯಲ್ಲಿ ಮೆಸಾನ್ ಎದ್ದು ಬಹಳ ವಿನಯದಿಂದ ಹೇಳಿದ, "ಹಿರೀರು ತಪ್ಪು ತಿಳೀಬಾರ್ದು. ಅಜ್ಜನ ಅಂಗಳ ಅಂದ್ರೆ ನಮ್ಮ ಕಡೆದೂ ಅಂಗಳಾನೇ. ನಮ್ಮ ಕಡೆ ಕರೆಂಟಾದ್ರೂ ಇರುತ್ತೆ."

ಅಷ್ಟು ಸಾಕಾಯಿತು. ಡೋಟ್ಸೆ ನೆಗೆದು ನಿಂತ. "ಹಿಂದಿನ ಟೋಗ್ಬೆ ತಲೆ ಮಾಡ್ದೋರು ನಮ್ಮಪ್ಪ! ದೊಡ್ಡಪ್ಪನ ತಲೆ ನನ್ನ ಕೈಲಿ. ಘಾನಾದ ನೆಲ, ಘಾನಾದ ಕೈ, ಘಾನಾದ ಕರೆಂಟು!"

ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದಾಗ ಕಫುಯಿ ಮೀನು ತಿರುವಿಹಾಕುತ್ತಾ ತಲೆಯೆತ್ತದೆ ಅಂದಳು, "ಬಾಯಿಗೆ ಬೀಗ ಇಲ್ಲ, ಕೈಗೆ ಹಿಡಿತ ಇಲ್ಲ. ಕರೆಂಟು ಹೋದ್ರೆ ಏನ್ ಮಾಡ್ತೀಯಾ?"

"ಹೋಗಲ್ಲ."

"ಯಾರ್ ಹೇಳಿದ್ರು? ಮಂತ್ರಿ ನಿನ್ ಅಳಿಯಾನಾ?"

"ಕುಲದ ಮರ್ಯಾದೆ ಇದೆ ಕಣೇ. ಅಷ್ಟೂ ತಿಳಿಯಲ್ವಾ ಕರೆಂಟಿಗೆ?"

ತಿಳಿಯಲಿಲ್ಲ.

ಪೀಠಕ್ಕೆ ಕೂರುವ ಶನಿವಾರ ಬೆಳಿಗ್ಗೆ ಡೋಟ್ಸೆಯ ಹಿತ್ತಿಲ ಅಂಗಳದ ತುಂಬ ಜನ. ಆಚೆಯ ಬಂಧುಗಳು ಕೆಲವರು ಗೇಟು ದಾಟಿ ಬಂದಿದ್ದರು, ಉಳಿದವರು ಬೇಲಿಗೆ ಮೂಗು ಹಚ್ಚಿ ನಿಂತಿದ್ದರು. ಡೋಲು ಬಡಿಯುತ್ತಿತ್ತು. ಗಾಕ್ಪೊ ದೊಡ್ಡಪ್ಪನ ತಂಗಿ ಅಬ್ಲಾ ಅತ್ತೆ ಹೆಂಗಸರ ದಂಡಿಗೆ ಮುಂದಾಳಾಗಿ ಹಾಡು ಹೇಳಿಸುತ್ತಿದ್ದಳು. ಡೋಲಿಗಿಂತ ಅವಳ ದನಿಯೇ ಮೇಲಿತ್ತು. ಹಿರಿಯರೊಬ್ಬರು ನೆಲಕ್ಕೆ ಸಾರಾಯಿ ಸುರಿದು, ಗಡಿಯ ಎರಡೂ ಬದಿಯ ಪಿತೃಗಳನ್ನು ಹೆಸರು ಹಿಡಿದು ಕರೆದರು. ಡೋಟ್ಸೆ ಬಲ್ಬಿನ ಕಡೆ ನೋಡಿದ. ಉರಿಯುತ್ತಿತ್ತು. ಅವನೂ ಒಳಗೊಳಗೇ ವಿದ್ಯುತ್ ಇಲಾಖೆಯನ್ನು ಹೆಸರು ಹಿಡಿದು ಕರೆದು ಮೆಷಿನ್ನು ಒತ್ತಿದ.

ಹಿಂದಲೆ ಮುಗಿಯಿತು. ಎಡಗಡೆ ಮುಗಿಯಿತು. ಬಲಗಡೆಗೆ ಬಂದು ಕಿವಿಯ ಮೇಲಕ್ಕೆ ತಿರುಗುತ್ತಿದ್ದ ಹಾಗೆ, ಟಪ್.

ಗುಂಯ್‌ಗುಟ್ಟುವಿಕೆ ನಿಂತಿತು. ಮೆಷಿನ್ನು ಸತ್ತರೂ ಅದನ್ನು ಹಿಡಿದ ಕೈ ಮಾತ್ರ ತನ್ನ ಪಾಡಿಗೆ ನಡುಗುತ್ತಲೇ ಇತ್ತು. ಡೋಟ್ಸೆ ಅದನ್ನು ತಟ್ಟನೆ ಮೇಲಂಗಿಯ ಜೇಬಿಗೆ ತುರುಕಿದ.

"ಡುಮ್‌ಸೋರ್!" ಅಂದಿತು ಜನ, ಹಳೆಯ ನೆಂಟನನ್ನು ಬರಮಾಡಿಕೊಳ್ಳುವ ಹಾಗೆ.

"ಕತ್ತರಿ ತಗೊಳ್ಳೋ ಮಗನೇ," ಅಂದರು ದೊಡ್ಡಪ್ಪ.

"ಈಗ ಬಂದ್ಬಿಡುತ್ತೆ ದೊಡ್ಡಪ್ಪ."

"ಬರೋವರೆಗೆ ಕತ್ತರೀಲಿ ಮಾಡು."

"ದೇಶದ ಮೇಲೆ ಸ್ವಲ್ಪ ನಂಬಿಕೆ ಇಡ್ಬೇಕು ದೊಡ್ಡಪ್ಪ."

"ದೇಶದ ಮೇಲಿದೆ ಕಣೋ. ಕುತ್ತಿಗೆ ಮೇಲಿಲ್ಲ. ಹಿಡ್ಕೊಂಡಿದೆ."

ಹೊತ್ತು ಹೋಯಿತು. ಬಿಸಿಲೇರಿತು. ಡೋಲಿನವರು ಒಂದೇ ತಾಳವನ್ನು ಮೂರು ಬಗೆಯಲ್ಲಿ ಬಾರಿಸಿ ದಣಿದರು. ಹೊಸ ಟೋಗ್ಬೆಯ ತಲೆ ಒಂದು ಕಡೆಯಿಂದ ನೋಡಿದರೆ ರಾಜ, ಇನ್ನೊಂದು ಕಡೆಯಿಂದ ನೋಡಿದರೆ ಪೊದೆ. ಬೇಲಿಯಾಚೆಯಿಂದ ಮೆಸಾನನ ದನಿ ಬಂತು:

"ಅಣ್ಣಾ, ನಮ್ಮಲ್ಲಿದೆ! ದೊಡ್ಡಪ್ಪನ್ನ ಈ ಕಡೆ ಕಳ್ಸು!"

ಟೋಗೋ ಪಾಳೆಯದಲ್ಲಿ ನಗೆಯೆದ್ದಿತು. ಕಳಿಸುವ ಹಾಗಿರಲಿಲ್ಲ, ಕುರ್ಚಿಯಿಂದ ಎದ್ದರೆ ಆಳ್ವಿಕೆಯೇ ಅರ್ಧ. ಕತ್ತರಿ ಹಿಡಿಯುವ ಹಾಗಿರಲಿಲ್ಲ; ಹಿಡಿದರೆ ಅಂಗಡಿಯೇ ಪೂರ್ತಿ ಹೋಗುತ್ತಿತ್ತು. ಡೋಟ್ಸೆ ಜೇಬಿನೊಳಗಿನ ಕೈಯನ್ನೊಮ್ಮೆ, ಬೇಲಿಯಾಚೆ ಉರಿಯುವ ಬಲ್ಬನ್ನೊಮ್ಮೆ ನೆನೆದ. ಆಮೇಲೆ ಅಫ್ಲಾವೊದಲ್ಲಿ ಯಾರೂ ಅವನ ಬಾಯಲ್ಲಿ ಕೇಳಿರದ ಮಾತು ಹೊರಬಿತ್ತು.

"ತಮ್ಮಾ ಮೆಸಾನ್... ನಿನ್ ಹತ್ರ ಉದ್ದದ ವೈರಿದೆಯಾ?"

ವೈರಿಯ ಮನೆಯಿಂದ ವೈರು! ಸೆನಾನು ಮೇಷ್ಟ್ರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮೆಸಾನ್ ಕೂಡ ಒಂದು ಗಳಿಗೆ ಹಂಗಿಸುವುದನ್ನೇ ಮರೆತ. ಮರುಗಳಿಗೆ ನೆನಪಾಯಿತು.

"ಟೋಗೋ ಗಣರಾಜ್ಯ ನೆರೆಯ ಬಡ ದೇಶಕ್ಕೆ ನೆರವು ನೀಡಲು ಸಂತೋಷಪಡುತ್ತದೆ!" ಎಂದು ಕೂಗಿ ಒಳಗೋಡಿದ.

ವೈರಿನ ತುದಿ ಬೇಲಿಯ ಕಂಡಿಯಿಂದ ಇಣುಕಿದಾಗ, ಬೇಲಿ ಕಾಯುತ್ತಿದ್ದ ಘಾನಾದ ಜವಾನ ಅಡ್ಡ ಬಂದ. "ಇದು ಆಮದಾಗುತ್ತೆ. ಮನುಷ್ಯರು ದಾಟೋಕೆ ಚೀಟಿ ಬೇಕು, ಮೇಕೆ ದಾಟೋಕೆ ಬೇಡ. ಕರೆಂಟು ಯಾವುದಕ್ಕೆ ಸೇರುತ್ತೆ, ನಂಗೊತ್ತಿಲ್ಲ."

"ಮೇಕೆಗೆ," ಅಂದಳು ಅಬ್ಲಾ ಅತ್ತೆ. "ಬೇಕಾದಾಗ ಬರುತ್ತೆ, ಬೇಕಾದಾಗ ಹೋಗುತ್ತೆ. ಕಟ್ಟಿಹಾಕೋಕೆ ಯಾರ ಕೈಲೂ ಆಗಲ್ಲ. ಮೇಕೆ ಅಲ್ದೆ ಇನ್ನೇನು?"

ಜವಾನ ಯೋಚಿಸಿ ನೋಡಿದ. ತಪ್ಪು ಕಾಣಲಿಲ್ಲ. ಸಮುದ್ರದ ಕಡೆ ತಿರುಗಿ ನಿಂತ.

ವೈರು ಬೇಲಿಯವರೆಗೇ ಸಾಲುತ್ತಿತ್ತು. ಆದ್ದರಿಂದ ನಾಲ್ವರು ಗಟ್ಟಿಗರು ದೊಡ್ಡಪ್ಪನನ್ನು ಏಳಗೊಡದೆ ಕುರ್ಚಿಸಮೇತ ಎತ್ತಿ ಬೇಲಿಗೆ ತಾಗಿಸಿ ಇಟ್ಟರು. ಮೆಷಿನ್ನು ಗುಂಯ್ ಎಂದಿತು. ಡೋಟ್ಸೆ ಜೇಬಿನಿಂದ ಕೈ ತೆಗೆದ. "ಇದೂ ನಮ್ಮ ಕರೆಂಟೇ," ಎಂದು ಸುತ್ತಲಿದ್ದವರಿಗೆ ಕೇಳುವಂತೆ ಹೇಳಿಕೊಂಡ. "ಸ್ವಲ್ಪ ಊರು ಸುತ್ತಿ ಬಂದಿದೆ, ಅಷ್ಟೆ."

ಬಲಗಡೆ ಮುಗಿಯಿತು. ಮುಂದಲೆ ಮಾತ್ರ ಬಾಕಿ. ಹಣೆಯ ಮೇಲೆ ಕೂದಲಿನ ಒಂದು ತೋಪು ನಿಂತಿತ್ತು. ಡೋಟ್ಸೆ ಅದರ ಅಂಚಿಗೆ ಮೆಷಿನ್ನು ಇಡುತ್ತಿದ್ದಂತೆ ಟೋಗೋದ ಬಲ್ಬೂ ಕಣ್ಣು ಮಿಟುಕಿಸಿತು, ಮತ್ತೆ ಮಿಟುಕಿಸಿತು, ಆರಿಹೋಯಿತು.

ಎರಡೂ ದೇಶಗಳ ಜೀವನಮಟ್ಟ ಅಂದು ಸರಿಸಮವಾಯಿತು.

"ಘಾನಾ ನಮಗೆ ಮಾರಿದ್ದೇ ಕೆಟ್ಟ ಕರೆಂಟು!" ಎಂದು ಟೋಗೋದವರು ಬೈದರು. "ಬಳಸೋಕೆ ಬರ್ದೆ ಕೆಡಿಸಿದ್ರು!" ಎಂದು ಘಾನಾದವರು ಬೈದರು. ಬೈಗುಳ ಬೇಲಿ ದಾಟಲು ಚೀಟಿ ಬೇಕಿರಲಿಲ್ಲ. ನಡುವೆ ದೊಡ್ಡಪ್ಪ ಕೋಲಿನಿಂದ ನೆಲಕ್ಕೆ ಗುದ್ದಿ, "ಕತ್ತರಿ!" ಎಂದು ಗುಡುಗಿದರು. ಮೆಸಾನ್ ತನ್ನ ಕತ್ತರಿಯನ್ನು ಬೇಲಿಯ ಕಂಡಿಯೊಳಗಿಂದ ಚಾಚಿದ.

ಇನ್ನು ಹೇಳುವುದಕ್ಕೆ ದೇಶವೂ ಉಳಿದಿರಲಿಲ್ಲ, ನೆಪವೂ ಉಳಿದಿರಲಿಲ್ಲ. ಡೋಟ್ಸೆ ಕತ್ತರಿ ತೆಗೆದುಕೊಂಡ.

ಕಟಕಟ. ಕಟಕಟ. ಕಟಕಟ.

ಡೋಲು ನಿಂತಿತು. ಹತ್ತಿರವಿದ್ದವರು ನೋಡಿದರು, ನೋಡಿದ್ದನ್ನು ಹಿಂದಿನವರಿಗೆ ಮೊಣಕೈಯಿಂದ ತಿವಿದು ತೋರಿಸಿದರು. ಡೋಟ್ಸೆಗೆ ಆ ಮುಖಗಳನ್ನು ನೋಡುವ ಧೈರ್ಯವಾಗಲಿಲ್ಲ. ಅವೆಲ್ಲ ಅವನು ವರ್ಷಗಟ್ಟಲೆ ಕಿವಿಯ ಸುತ್ತ ತಿದ್ದಿದ ಮುಖಗಳು. ಇನ್ನು ಇವರಲ್ಲಿ ಯಾವನೂ ನನ್ನ ಕುರ್ಚಿಗೆ ಬರುವುದಿಲ್ಲ ಅಂದುಕೊಂಡ. ಕಫುಯಿಯ ಕೆಂಕೆಯ ಬುಟ್ಟಿಯ ಮೇಲೆ ಮನೆ ನಡೆಯಬೇಕು. ಕತ್ತರಿ ಟೋಗ್ಬೆಯ ಹಣೆಯ ಮುಂದೆ ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು.

ಆಗ ಬೇಲಿಯೊಳಗಿಂದ ಒಂದು ಕೈ ಬಂದು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಸುಮ್ನೆ ಕತ್ತರ್ಸಣ್ಣ," ಅಂದ ಮೆಸಾನ್, ಬರಿಯ ಉಸಿರಿನಲ್ಲಿ. "ನಾನ್ ಹಿಡ್ಕೊಂಡಿದೀನಿ."

ಆ ಹಿಡಿತದಿಂದ ಡೋಟ್ಸೆಯ ಕೈ ನಿಲ್ಲಬೇಕಿತ್ತು. ಆದದ್ದೆಂದರೆ ಈಗ ಎರಡು ಕೈಗಳು ನಡುಗಿದವು. ಬೇಲಿಯ ತಂತಿಯೂ ಜೊತೆಗೂಡಿ ಝಣಝಣ ಎಂದಿತು. ಆದರೂ ಕತ್ತರಿ ನಡೆಯಿತು. ಮುಂದಲೆಯ ಅಂಚು ಅಫ್ಲಾವೊದ ಕಡಲಿನ ಹಾಗೆ, ಒಂದು ಅಲೆ ಏರಿ ಒಂದು ಅಲೆ ಇಳಿದು, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ತಲುಪಿತು.

"ಏನೋ ಅದು, ನನ್ನ ಹಣೆ ಮೇಲೆ ನಡುಗ್ತಿರೋದು?" ಅಂದರು ದೊಡ್ಡಪ್ಪ.

ಡೋಟ್ಸೆ ನಿಜ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಅಬ್ಲಾ ಅತ್ತೆಯ ಬಾಯಿ ತೆರೆಯಿತು. "ಬಂದ! ಅಜ್ಜ ಬಂದ! ಮೊಮ್ಮಗನ ಕೈ ಮೇಲೆ ಬಂದ!"

ಅಷ್ಟೇ. ಹೆಂಗಸರು ಹೋ ಎಂದರು. ಡೋಲು ಮತ್ತೆ ಎದ್ದಿತು. ಅಬ್ಲಾ ಅತ್ತೆ ಶುಭಕ್ಕೆಂದು ಹಾಕುವ ಬಿಳಿ ಪೌಡರಿನ ಡಬ್ಬಿಯನ್ನೇ ಡೋಟ್ಸೆಯ ಕುತ್ತಿಗೆಗೆ ಸುರಿದಳು. ಕುಲದ ಕಣ್ಣಿಗೆ ಅದು ಸ್ಪಷ್ಟವಾಗಿತ್ತು: ಇದೇ ಕೈ ವರ್ಷಗಟ್ಟಲೆ ಅಲುಗಾಡದೆ ತಲೆ ಮಾಡಿದೆ. ಟೋಗ್ಬೆಯ ಹಣೆಗೆ ಬಂದಾಗಲೇ, ಎರಡು ದೇಶದ ದೀಪಗಳೂ ಆರಿದ ಮೇಲೆಯೇ ನಡುಗಿದೆಯೆಂದರೆ, ಪಿತೃಗಳಲ್ಲದೆ ಇನ್ಯಾರು?

"ಅತ್ತೇ, ಅದು ಹಾಗಲ್ಲ..." ಎಂದು ಡೋಟ್ಸೆ ಶುರುಮಾಡಿದ. ಗುಂಪನ್ನು ಸೀಳಿಕೊಂಡು ಬಂದ ಕಫುಯಿ ಅವನ ಹೆಗಲಿನ ಪೌಡರು ಒರೆಸುವ ನೆಪದಲ್ಲಿ ಕಿವಿಗೆ ಬಾಯಿಟ್ಟಳು. "ಬಾಯಿ ಮುಚ್ಕೊಂಡು ನಡುಗು."

ಅವನು ನಡುಗಿದ.

ಸಂಜೆ ಪೀಠದಲ್ಲಿ ಕೂತ ದೊಡ್ಡಪ್ಪನ ಕಾಲ ಬಳಿ ಕುಳಿತು ಡೋಟ್ಸೆ ಎಲ್ಲವನ್ನೂ ಒಪ್ಪಿಕೊಂಡ. ಅವರು ಮುಂದಲೆಯ ಅಲೆಗಳ ಮೇಲೆ ಬೆರಳಾಡಿಸುತ್ತಾ ಕೇಳಿದರು. "ನನ್ ತಲೆ ಕೆಡಿಸಿದ್ದಂತೂ ನಿಜ," ಅಂದರು. "ಆದ್ರೆ ಅಬ್ಲಾ ಒಂದ್ಸಲ ಅಜ್ಜ ಬಂದ ಅಂದ್ಮೇಲೆ ವಾಪಸ್ ಕಳಿಸೋ ತಾಕತ್ತು ನಂಗಿಲ್ಲಪ್ಪ. ಅವಳು ನನ್ ತಂಗಿ. ಚಿಕ್ಕಂದಿನಿಂದ ನೋಡ್ತಿದೀನಿ."

ಸೋಮವಾರ ಡೋಟ್ಸೆ ಅಂಗಡಿ ತೆರೆಯಲೋ ಬೇಡವೋ ಎಂದು ತೆರೆದ. ಬಾಗಿಲ ಮುಂದೆ ಸಾಲು. ಮೊದಲಿಗರು ಸೆನಾನು ಮೇಷ್ಟ್ರು. ಕರೆಂಟಿತ್ತು, ಬಲ್ಬು ಉರಿಯುತ್ತಿತ್ತು. ಡೋಟ್ಸೆ ಮೆಷಿನ್ನಿಗೆ ಕೈ ಹಾಕಿದ.

"ಅಯ್ಯೋ, ಅದ್ಯಾಕೆ?" ಅಂದರು ಮೇಷ್ಟ್ರು. "ಕತ್ತರಿ ತಗೊಳಿ. ಆ ಕೈಯಲ್ಲೇ ಆಗ್ಬೇಕು. ಮಗಳಿಗೆ ಗಂಡು ನೋಡ್ತಿದೀವಿ, ಅಜ್ಜನ ಆಶೀರ್ವಾದ ಇರ್ಲಿ."

ಅಂದಿನಿಂದ ಮೆಷಿನ್ನು ಮೊಳೆಗೆ ನೇತುಬಿತ್ತು. ಹೊಸ ಕತ್ತರಿ ಬಂತು. ಪರೀಕ್ಷೆ ಬರೆಯುವವರು, ವೀಸಾಕ್ಕೆ ಅರ್ಜಿ ಹಾಕಿದವರು, ಹೊಸ ದೋಣಿ ಇಳಿಸುವ ಮೀನುಗಾರರು ಎಲ್ಲರೂ ಅಲೆಯಂಚಿನ ತಲೆ ಹೊತ್ತು ತಿರುಗಿದರು. ನೇರ ಅಂಚಿನವನನ್ನು ಕಂಡರೆ, ಪಾಪ, ಇವನಿಗೆ ಹಿಂದುಮುಂದಿಲ್ಲ ಎನ್ನುವ ಹಾಗಾಯಿತು. ಕರೆಂಟು ಬಂದದ್ದೂ ಹೋದದ್ದೂ ಆ ಅಂಗಡಿಯಲ್ಲಿ ಸುದ್ದಿಯಾಗುವುದು ನಿಂತಿತು.

ಮೆಸಾನ್ ಇದನ್ನು ನೋಡಿಕೊಂಡು ಸುಮ್ಮನಿರುವ ಪೈಕಿಯೇ? ಮಣಿಕಟ್ಟು ಹಿಡಿದಾಗ ಅಜ್ಜ ಅಣ್ಣನ ಕೈಯಿಂದ ಇಳಿದು ತನ್ನ ಕೈಗೆ ಹತ್ತಿದ್ದನೆಂದೂ, ಅಲ್ಲೇ ಮನಸ್ಸಾಗಿ ಉಳಿದನೆಂದೂ ಲೋಮೆಯಲ್ಲಿ ಸಾರಿದ. ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಅವನೂ ಒಳ್ಳೆಯ ನಡುಕವೊಂದನ್ನು ಸಂಪಾದಿಸಿದ. ಬೇಲಿಯ ಬಳಿ ಜಗಳ ಹೊಸ ದಾರಿ ಹಿಡಿಯಿತು.

"ನಿಂದು ಬರೀ ಬೆರಳಿನ ನಡುಕ ಕಣೋ! ನಂದು ಮೊಣಕೈಯಿಂದ ಬರುತ್ತೆ!"

"ಅಜ್ಜ ಮೊದ್ಲಿಂದ ಫ್ರೆಂಚ್ ಕಡೆಯೋನು ಅಣ್ಣಾ, ನಿನ್ ಹತ್ರ ನೆಂಟನಾಗಿ ಬಂದಿದ್ದ ಅಷ್ಟೆ!"

ಆದರೆ ಡೋಟ್ಸೆಗೆ ಈಚೆಗೆ ಒಂದು ಹೊಸ ಚಿಂತೆ ಹತ್ತಿಕೊಂಡಿದೆ. ಮುಚ್ಚಿಡುವ ಹೆದರಿಕೆ ಹೋದ ಮೇಲೆ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ಚಹಾದ ಲೋಟ ತುಳುಕುವುದಿಲ್ಲ. ಮೊನ್ನೆ ಟೋಗೋದಿಂದಲೇ ಗೇಟು ದಾಟಿ ಬಂದ ಗಿರಾಕಿಯೊಬ್ಬ ಕನ್ನಡಿಯಲ್ಲಿ ಕತ್ತರಿಯನ್ನು ಬಹಳ ಹೊತ್ತು ದಿಟ್ಟಿಸಿ, ಅನುಮಾನದಿಂದ ಕೇಳಿದ:

"ಯಾಕಣ್ಣಾ, ಇವತ್ತು ನಡುಗ್ತಾನೇ ಇಲ್ಲ?"

ಡೋಟ್ಸೆ ಬಾಗಿಲಿನಾಚೆ ಕಫುಯಿಯ ಕಡೆ ನೋಡಿದ. ಅವಳು ಮೀನಿನ ಬಾಣಲೆಯಿಂದ ತಲೆಯೆತ್ತದೆ, ಸೌಟು ಹಿಡಿದ ತನ್ನ ಕೈಯನ್ನು ಮೆಲ್ಲಗೆ ಅಲುಗಾಡಿಸಿ ತೋರಿಸಿದಳು.